ಬಾಡದ ಬಂಡೆಯ ಮೇಲೆ ಕೈ ಬೀಸಿದ್ದು

ಮೊದಲು ಕೈಕೊಟ್ಟದ್ದು ಬೆನ್ನೋ ಉಸಿರೋ, ಸರಿಯಾಗಿ ನೆನಪಿಲ್ಲ. ಹೊನ್ನಾವರದ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ ಒಂದು ವಾಕ್ಯದ ನಡುವೆ ಉಸಿರು ಮುಗಿದು ಕುರ್ಚಿಯಲ್ಲಿ ಕುಳಿತುಬಿಟ್ಟೆ. ಅದುವರೆಗೆ ನಾನು ತರಗತಿಯಲ್ಲಿ ಕುಳಿತವನಲ್ಲ. ಪಾಠ ಮುಗಿಯಿತೆಂದು ತಿಳಿದು ಮಕ್ಕಳು ಎದ್ದು ಹೋದರು. ಮರುದಿನವೂ ಹಾಗೇ ಆಯಿತು. ಆಮೇಲೆ ಅದೇ ರೂಢಿಯಾಯಿತು: ಇಪ್ಪತ್ತು ನಿಮಿಷ ಪಾಠ, ಉಳಿದದ್ದು ಕುರ್ಚಿ.

ಕುಮಟಾದ ಡಾಕ್ಟರು ಎಕ್ಸ್‌ರೇ ನೋಡಿ, ಶ್ವಾಸಕೋಶ ಚೆನ್ನಾಗಿಯೇ ಇದೆ, ಆದರೆ ನೀವು ಹೀಗೆ ಮಡಚಿಕೊಂಡು ನಿಂತರೆ ಗಾಳಿ ಹೋಗುವುದಕ್ಕೆ ಜಾಗವೆಲ್ಲಿ ಎಂದರು. ನಿಧಾನದ ವ್ಯಾಯಾಮ ಏನಾದರೂ ಮಾಡಬೇಕಂತೆ. ಯೋಗದ ತರಗತಿಯಿಂದ ನನ್ನನ್ನು ಎರಡು ದಿನಕ್ಕೇ ಸಾಗಹಾಕಿದ್ದರು. ಪ್ರತಿ ಮಾತಿಗೂ ಆಧಾರ ಕೇಳುತ್ತಿದ್ದೆ. ಎರಡಲ್ಲ, ಒಂದೇ ದಿನ ಎನ್ನುತ್ತಾಳೆ ಹೆಂಡತಿ. ಇರಬಹುದು.

ಹಾಗಾಗಿ ತೈ ಚಿ ಎಂಬ ಚೀನೀ ವ್ಯಾಯಾಮ. ಭಟ್ಕಳದಲ್ಲಿ ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲೆ ಭಾನುವಾರಗಳಂದು ಅದನ್ನು ಕಲಿಸುತ್ತಿದ್ದವರು ಗಲ್ಫಿನಲ್ಲಿ ಕಟ್ಟಡ ಕೆಲಸದ ಮೇಸ್ತ್ರಿಯಾಗಿದ್ದು ಮರಳಿದವರು. ಅಲ್ಲಿ ಜೊತೆಗಿದ್ದ ಚೀನಾದ ಬಡಗಿಯೊಬ್ಬನಿಂದ ತಾರಸಿಯ ಮೇಲೆ ಕಲಿತರಂತೆ. ತಲೆಗೆ ಮೇಲಿನಿಂದ ದಾರ ಕಟ್ಟಿ ತೂಗುಬಿಟ್ಟ ಹಾಗೆ ನಿಲ್ಲಿ, ಇಲ್ಲದ ಸ್ಟೂಲಿನ ಮೇಲೆ ಕೂತ ಹಾಗೆ ಸೊಂಟ ಬಿಡಿ, ಕೈ ಎದ್ದಾಗ ಉಸಿರು ಒಳಗೆ, ಇಳಿದಾಗ ಹೊರಗೆ ಎಂದರು. ನಾನು ಉಸಿರನ್ನು ಗಮನಿಸಿದ ಕೂಡಲೇ ಅದು ನಿಲ್ಲುತ್ತಿತ್ತು. ಕೈ ಮೇಲೇಳುವಷ್ಟರಲ್ಲಿ ನಾನು ಮೂರು ಸಲ ಉಸಿರಾಡಿರುತ್ತಿದ್ದೆ, ಭುಜಗಳು ಕಿವಿಯ ತನಕ ಬಂದಿರುತ್ತಿದ್ದವು.

"ಪ್ರೊಫೆಸರ್ ಸಾಬ್, ಉಸಿರಿಗೂ ನೀವೇ ಮೇಸ್ತ್ರಿಯಾ?" ಎಂದರು ಅವರು. "ಅದರ ಪಾಡಿಗೆ ಅದನ್ನ ಬಿಡಿ. ನಾನು ಮೂವತ್ತು ಜನರನ್ನ ನೋಡ್ಕೊಂಡವ. ನೋಡ್ತಾ ನಿಂತ್ರೆ ಯಾರೂ ಕೆಲಸ ಮಾಡೂದಿಲ್ಲ."

ಬಿಡುವುದು ಹೇಗೆಂದು ಕೇಳಿದೆ. ಅವರು ಚಹಾ ತರಿಸಿದರು.

ಮನೆಯಲ್ಲಿ ನನ್ನದೇ ವಿಧಾನ ಹುಡುಕಿದೆ. ಕನ್ನಡಕದ ಕಡ್ಡಿಗೆ ದಾರ ಕಟ್ಟಿ, ತುದಿಗೆ ಕಪಾಟಿನ ಬೀಗದ ಕೈ ತೂಗುಹಾಕಿದೆ. ಬೀಗದ ಕೈ ಭುಜದ ನೇರಕ್ಕೆ ಬಂದರೆ ನಿಲುವು ಸರಿ, ಎದೆಯ ಮುಂದೆ ಬಂದರೆ ತಪ್ಪು. ಕಪಾಟು ತೆಗೆಯಬೇಕಾದಾಗಲೆಲ್ಲ ಹೆಂಡತಿ ನನ್ನನ್ನು ಕಿವಿಯ ಹತ್ತಿರ ಹಿಡಿದು ಕರೆದೊಯ್ಯಬೇಕಾಯಿತು. ಮೂರನೇ ದಿನ, ಇದನ್ನೆಲ್ಲ ಹೊರಗೆಲ್ಲಾದರೂ ಮಾಡಿ ಎಂದಳು.

ಹೀಗೆ ನಾನು ಬೆಳಿಗ್ಗೆ ಬಾಡ ಎಂಬ ಊರಿನ ಕಡಲ ದಂಡೆಗೆ ಹೋದೆ. ಮರಳಿನಲ್ಲಿ ಕಾಲು ಹೂತುಹೋಗುತ್ತಿತ್ತು. ದಂಡೆಯ ಒಂದು ಬದಿಗೆ ಚಪ್ಪಟೆ ಬಂಡೆಯೊಂದು ಖಾಲಿ ಬಿದ್ದಿತ್ತು. ಅದನ್ನು ಹತ್ತಿ, ಮೋಡವನ್ನು ಸರಿಸಿದ ಹಾಗೆ ಎರಡೂ ಕೈಗಳನ್ನು ಒಂದೇ ದಿಕ್ಕಿಗೆ ಬೀಸುವ ಪಾಠವನ್ನು ಶುರುಮಾಡಿದೆ. ಬಲಗಡೆಗೆ. ಮತ್ತೆ ಬಲಗಡೆಗೆ. ಎಡಗಡೆಯದು ನನಗೆ ಇನ್ನೂ ಬರುತ್ತಿರಲಿಲ್ಲ.

ಆ ಬಂಡೆ ಖಾಲಿ ಬಿದ್ದದ್ದಲ್ಲ. ರಂಪಣಿ ಬಲೆ ಬಿಡುವ ದಿನ ಹಿರಿಯ ಮೀನುಗಾರರೊಬ್ಬರು ಅದರ ಮೇಲೆ ನಿಂತು ನೀರಿನ ಬಣ್ಣ ನೋಡುತ್ತಾರೆ. ಮೀನಿನ ಹಿಂಡು ಇರುವ ಕಡೆಗೆ ಅವರು ಕೈ ಬೀಸಿದರೆ, ದೋಣಿ ಆ ಕಡೆಗೆ ಬಲೆ ಬಿಡುತ್ತ ಅರ್ಧಚಂದ್ರದ ಹಾಗೆ ಸುತ್ತಿ ಬರುತ್ತದೆ. ಆಮೇಲೆ ದಂಡೆಯ ಮೇಲೆ ಎರಡು ಸಾಲು ಜನ ಎರಡೂ ತುದಿಯ ಹಗ್ಗ ಹಿಡಿದು ಎಳೆಯುತ್ತಾರೆ. ಆ ಹೊತ್ತಿಗೆ ಹಿರಿಯರು ಚಹಾ ಕುಡಿಯಲು ಹೋಗಿದ್ದರು. ದೋಣಿಯವರಿಗೆ ಅಷ್ಟು ದೂರದಿಂದ ಕಂಡದ್ದು ಬಂಡೆಯ ಮೇಲೊಂದು ಬಿಳಿ ಬನಿಯನ್, ಬಡಗು ದಿಕ್ಕಿಗೆ ಬೀಸುವ ಎರಡು ಕೈ.

ಹಿರಿಯರು ಮರಳಿ ಬರುವಷ್ಟರಲ್ಲಿ ಬಲೆ ಪೂರ್ತಿ ನೀರಿಗೆ ಬಿದ್ದಿತ್ತು.

"ಬಡಗಕ್ಕೆ ತಿರಗುಕೆ ಹೇಳದೋರು ಯಾರು?"

ಸಾಲಿನಲ್ಲಿದ್ದವರೆಲ್ಲ ನನ್ನತ್ತ ನೋಡಿದರು. ನಾನು ಕೆಳಗಿಳಿದು, ನನ್ನ ಕೈ ಬೀಸಿದ್ದಕ್ಕೂ ದೋಣಿ ತಿರುಗಿದ್ದಕ್ಕೂ ಸಂಬಂಧ ಇದ್ದೇ ಇದೆಯೆಂದು ಹೇಳಲು ಬರುವುದಿಲ್ಲ, ಎರಡೂ ಒಂದೇ ಹೊತ್ತಿಗೆ ಆಗಿರಬಹುದು ಎಂದು ವಿವರಿಸಿದೆ. ಅವರು ಕೊನೆಯವರೆಗೂ ಕೇಳಿಸಿಕೊಂಡರು.

"ಅದೆಲ್ಲ ಆತು ಮಾಸ್ತರೆ. ಈಗ ಹಗ್ಗ ಹಿಡೀರಿ."

ಹಿಡಿದೆ. ಎಳೆದೆ. ಎರಡೇ ನಿಮಿಷಕ್ಕೆ ಉಸಿರು ಮುಗಿಯಿತು. ಅಕ್ಕಪಕ್ಕ ಕುರ್ಚಿ ಇರಲಿಲ್ಲ. ಹಿರಿಯರು ಹಿಂದಿನಿಂದ ಬಂದು ನನ್ನ ಎರಡೂ ಭುಜಗಳನ್ನು ಅಂಗೈಯಿಂದ ಕೆಳಗೆ ಒತ್ತಿದರು.

"ಭುಜದಾಗೆ ಎಳಿಬೇಡಿ. ಹಿಂದೆ ಕೂತ್ಕಣಿ. ಬೀಳುದಿಲ್ಲ, ಬಲೆ ಹಿಡ್ಕಂಡದೆ ನಿಮ್ಮನ್ನ."

ಕುಳಿತೆ, ಗಾಳಿಯಲ್ಲಿ. ಬೀಳಲಿಲ್ಲ. ಮುಂದಿದ್ದವನೊಬ್ಬ ಕೂಗು ಹಾಕಿದಾಗ ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟು ಒಂದು ಹೆಜ್ಜೆ ಹಿಂದಕ್ಕೆ ಇಟ್ಟರು, ನಾನೂ ಇಟ್ಟೆ. ಬಲೆಯ ಚೀಲ ದಡಕ್ಕೆ ಬಂದಾಗಲೇ ನಾನು ಉಸಿರಾಡುತ್ತಿದ್ದೇನೆಂಬುದು ಗಮನಕ್ಕೆ ಬಂದದ್ದು. ಬಂದ ಕೂಡಲೇ ಕೆಮ್ಮು ಹತ್ತಿತು.

ಚೀಲದಲ್ಲಿ ಇದ್ದದ್ದು ರಾಶಿ ಲೋಳೆಮೀನು, ಒಂದು ಪ್ಲಾಸ್ಟಿಕ್ ಕುರ್ಚಿ, ಬುಟ್ಟಿ ತುಂಬದಷ್ಟು ತಾರ್ಲೆ ಮೀನು. ಕುರ್ಚಿ ನಿಜವಾಗಿಯೂ ಇತ್ತೇ, ಅಥವಾ ಆಮೇಲೆ ನಾನು ಸೇರಿಸಿಕೊಂಡೆನೇ ಎಂದು ಈಗ ಅನುಮಾನ. ಒಂದು ಮಾತು ಮಾತ್ರ ಖಚಿತ: ಹಗ್ಗ ಮುಟ್ಟಿದವರಿಗೆಲ್ಲ ಪಾಲು ಕೊಡುವುದು ಅವರ ಪದ್ಧತಿ. ಮೀನು ತಪ್ಪಿಸಿದವನಿಗೂ ಕೊಟ್ಟರು. ನಾನು ಬೇಡವೆಂದಾಗ ಹಿರಿಯರಿಗೆ ಆ ದಿನ ಮೊದಲ ಸಲ ಸಿಟ್ಟು ಬಂತು. ಎಲೆಯಲ್ಲಿ ಕಟ್ಟಿದ ಆರು ತಾರ್ಲೆ ಹಿಡಿದು ಮನೆಗೆ ಹೋದೆ. ಹೆಂಡತಿಯ ನೆನಪಿನಲ್ಲಿ ಅವು ಬಂಗಡೆ. ಸಾರು ಮಾಡಿದವಳು ಅವಳು, ವಾದಿಸಲಿಲ್ಲ.

ಮರುದಿನ ತರಗತಿಯಲ್ಲಿ ಇಪ್ಪತ್ತನೇ ನಿಮಿಷಕ್ಕೆ ಎದೆ ಬಿಗಿಯಿತು. ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದೆ, ಮಂಡಿ ಸಡಿಲಿಸಿದೆ, ಹಿಂದೆ ಕುಳಿತೆ. ವಾಕ್ಯ ಮುಗಿದಾಗಲೆಲ್ಲ ಒಂದು ಹೆಜ್ಜೆ ಹಿಂದಕ್ಕೆ. ಮೇಜು ನನ್ನ ಜೊತೆಗೇ ಬಂತು. ಮಕ್ಕಳು ಮೊದಲು ನಕ್ಕರು, ಆಮೇಲೆ ಬರೆದುಕೊಳ್ಳತೊಡಗಿದರು. ಗಂಟೆ ಹೊಡೆದಾಗ ನನ್ನ ಬೆನ್ನು ಕಪ್ಪು ಹಲಗೆಗೆ ತಾಗಿತ್ತು, ಕುರ್ಚಿ ಅದರ ಜಾಗದಲ್ಲೇ ಖಾಲಿ ಇತ್ತು. ಏನು ಪಾಠ ಮಾಡಿದೆನೆಂಬುದು ಒಂದಿಷ್ಟೂ ನೆನಪಿಲ್ಲ. ಒಬ್ಬ ವಿದ್ಯಾರ್ಥಿನಿಯ ನೋಟ್ಸ್ ಇಸಿದುಕೊಂಡು ನೋಡಿದೆ. ಆರು ಪುಟ ಇತ್ತು.

ಈಗಲೂ ಬಾಡಕ್ಕೆ ಹೋಗುತ್ತೇನೆ. ಬಲೆ ಬಿಡುವ ದಿನ ಹಿರಿಯರು ನನ್ನನ್ನು ಗಾಳಿಮರಗಳ ಹಿಂದೆ ನಿಲ್ಲಿಸುತ್ತಾರೆ, ಸಮುದ್ರಕ್ಕೆ ಕಾಣದ ಹಾಗೆ. ಚಹಾಕ್ಕೆ ಹೋಗುವ ಮೊದಲು ಒಮ್ಮೆ ಬಂದು ನೋಡಿ, ಭುಜ ಒತ್ತಿ ಹೋಗುತ್ತಾರೆ.