ಈಸ್ಟಿನ ಗೋಡೆ, ನಲವತ್ತು ಬನ್ನು

ಗೆಳೆಯರೇ, ಇವತ್ತು ಕೊಟ್ಟೂರಿನ ನಮ್ಮ ಬೇಕರಿಗೆ ನಲವತ್ತು ಬನ್ನಿನ ಆರ್ಡರ್ ಕೈತಪ್ಪಿತು. ಮೊಮ್ಮಗನ ಹುಟ್ಟುಹಬ್ಬಕ್ಕೆ ಹೇಳಿಹೋಗಿದ್ದ ಗೌರಜ್ಜಿ ಬನ್ನು ಒಯ್ಯಲು ಬಂದಿದ್ದರು. ಜೊತೆಗೆ ಪಿಯುಸಿ ಓದುವ ಮೊಮ್ಮಗಳು.

"ಅಜ್ಜಿ, ಇದನ್ನ ಉಬ್ಬಿಸೋ ಈಸ್ಟಿಗೆ ಜೀವ ಐತಿ. ನಿನ್ನೆ ಕಾಲೇಜಿನ್ಯಾಗ ಮೈಕ್ರೋಸ್ಕೋಪಿನ್ಯಾಗ ನೋಡಿದ್ವಿ" ಎಂದಳು.

ಅಜ್ಜಿ ಎತ್ತಿಕೊಂಡಿದ್ದ ಬನ್ನಿನ ಬುಟ್ಟಿಯನ್ನು ಕೆಳಗಿಟ್ಟರು. "ಜೀವ ಐತಾ? ಮತ್ತ ನಾವು ತಿನ್ನಂಗಿಲ್ಲಲ್ಲೇ!"

ಹುಡುಗಿ ಸಮಾಧಾನ ಮಾಡಲು ಹೋದಳು. "ಪ್ರಾಣಿ ಅಲ್ಲಬೇ. ಗಿಡದಂಗ ಅದಕ್ಕೂ ಸುತ್ತ ಗೋಡಿ ಐತಿ. ತಾಯಿ ಮೈಮ್ಯಾಲ ಮೊಗ್ಗಿನಂಗ ಮಗಳು ಮೂಡ್ತಾಳ. ಬೆಳೀಕೋಂತ ತನ್ನ ಗೋಡಿ ಕಟ್ಟಿಕೊಳ್ತಾಳ. ಕಡೀಗೆ ನಡುವ ಒಂದು ಗೋಡಿ ಎದ್ದು ಇಬ್ರೂ ಬ್ಯಾರೆ ಆಗ್ತಾರ."

"ಅಂದ್ರ ತಾಯಿ ಮಗಳು ಮನಿ ಕಟ್ಟಿಕೊಂಡು ಅದಾರ. ಅಂಥವರನ್ನ ಭಟ್ಟಿಗೆ ಹಾಕಿದವರು ಯಾರು?"

ಮಾಲೀಕರು ನನ್ನ ಕಡೆ ನೋಡಿದರು. ಕೈಗೆ ಮೆತ್ತಿದ ಹಿಟ್ಟು ಒರೆಸಿಕೊಂಡು ಭಟ್ಟಿಯ ಹತ್ತಿರದಿಂದ ಮುಂದೆ ಬಂದೆ.

"ನಾನರೀ" ಎಂದೆ.

ಅಜ್ಜಿ ಬನ್ನು ಬಿಟ್ಟು ಖಾರಾ ಮಂಡಕ್ಕಿ ಕಟ್ಟಿಸಿಕೊಂಡು ಹೋದರು. ಹೋಗುವಾಗ ನನ್ನನ್ನು ಇನ್ನೊಮ್ಮೆ ತಿರುಗಿ ನೋಡಿದರು.

ಆರು ವರ್ಷದಿಂದ ನಾನು ಬರೀ ಹಿಟ್ಟು ಬೇಯಿಸುತ್ತಿದ್ದೇನೆ ಅಂದುಕೊಂಡಿದ್ದೆ.