ನೋವು ವಿಚಾರಿಸುವ ಸಿಸ್ಟರ್

ಅಮ್ಮನ ಮಂಚದ ಪಕ್ಕ ಕೂತ ಮಗಳಿಗೆ ಆ ವಾರ್ಡಿನ ಹಿರಿಯ ಸಿಸ್ಟರನ್ನು ನೋಡುವುದೇ ಒಂದು ಬೆರಗು. ನೋವಿಲ್ಲದ ಮಂಚವೇ ಇಲ್ಲದ ಆ ವಾರ್ಡಿನಲ್ಲಿ, ಬೇರೆಯವರು ಕ್ಷೇಮ ಕೇಳುವಂತೆ ಅವರು ನೋವು ಕೇಳುತ್ತಿದ್ದರು: "ಸೊನ್ನೆಯಿಂದ ಹತ್ತರೊಳಗೆ ಎಷ್ಟಿದೆ ಹೇಳಿ, ಯಜಮಾನ್ರೇ." "ನೂರು!" ಎಂದು ಕೂಗಿದವರನ್ನು ಚೌಕಾಸಿ ಮಾಡದೆ ನಂಬುತ್ತಿದ್ದರು, "ಏನೂ ಇಲ್ಲಮ್ಮ" ಎಂದು ಹಲ್ಲು ಕಚ್ಚಿದವರನ್ನು ಮಾತ್ರ, "ಮತ್ತೆ ಹಣೆ ಯಾಕೆ ಹೀಗೆ ಬೆವರ್ತಿದೆ?" ಎಂದು ಗದರುತ್ತಿದ್ದರು. ಲಕ್ವ ಹೊಡೆದು ಮಾತು ನಿಂತಿದ್ದ ಅಮ್ಮನನ್ನು ಹೇಗೆ ಕೇಳುತ್ತಾರೋ ಎಂದು ಮಗಳು ನೋಡುತ್ತಿದ್ದಳು. ಸಿಸ್ಟರ್ ಬಗ್ಗಿ, ತಮ್ಮ ಬೆರಳುಗಳನ್ನು ಅಮ್ಮನ ಸ್ವಾಧೀನವಿದ್ದ ಕೈಯ ಅಂಗೈಯಲ್ಲಿಟ್ಟು, "ಎಷ್ಟು ನೋವೋ ಅಷ್ಟು ಜೋರಾಗಿ ಹಿಸುಕಿ, ತಾಯೀ" ಎಂದರು. ಅಮ್ಮ ಹಿಸುಕಿದಳು. ಸಿಸ್ಟರ್ ಕಣ್ಣಲ್ಲಿ ನೀರು ಚಿಮ್ಮಿತು. ಇನ್ನೊಬ್ಬ ನರ್ಸನ್ನು ಕೂಗಿ ಕರೆದು ಇಂಜೆಕ್ಷನ್ ಕೊಡಿಸಿದರು. ಆದರೆ ಮದ್ದು ನಾಟಿ ಆ ಮುಷ್ಟಿ ತಾನಾಗಿ ಸಡಿಲವಾಗುವವರೆಗೂ ಅವರು ಕೈ ಬಿಡಿಸಿಕೊಳ್ಳಲಿಲ್ಲ.