ತಡಿ ಎಂಬ ಕೂಗು

ಯೇಸುವಿನ ಹೆಸರಿನಲ್ಲಿ ನಾನು ಮೊದಲು ಹೊಡೆದದ್ದು ನನ್ನ ತಮ್ಮನನ್ನು. ಅವನಿಗೆ ಆಗ ಇಪ್ಪತ್ತು, ನನಗೆ ಇಪ್ಪತ್ತೇಳು. ಶನಿವಾರ ಸಂಜೆ ಕುಡಿದು ಬಂದವನು ಭಾನುವಾರ ಪೂಜೆಯ ಹೊತ್ತಾದರೂ ಹೊದ್ದು ಮಲಗಿದ್ದ. ಕೂದಲು ಹಿಡಿದು ಎಬ್ಬಿಸಿ, ಕಪಾಳಕ್ಕೆ ಎರಡು ಬಿಟ್ಟು, ಹಾಗೆಯೇ ಇಗರ್ಜಿಗೆ ಎಳೆದುಕೊಂಡು ಹೋದೆ. ಅವನ ಮೂಗಿನಿಂದ ರಕ್ತ ಸುರಿಯುತ್ತಿತ್ತು. ಅವನನ್ನು ಮುಂದಿನ ಸಾಲಿನಲ್ಲಿ ಮೊಣಕಾಲೂರಿಸಿ, ಪಕ್ಕದಲ್ಲಿ ನಾನೂ ಊರಿ, ಎಲ್ಲರಿಗಿಂತ ಗಟ್ಟಿಯಾಗಿ ಹಾಡಿದೆ. ನಾಚಿಕೆಯೇನೂ ಆಗಲಿಲ್ಲ. ಒಂದು ಆತ್ಮ ಉಳಿಸಿದೆನೆಂದು ಮಧ್ಯಾಹ್ನ ಎರಡು ರೊಟ್ಟಿ ಹೆಚ್ಚೇ ತಿಂದೆ.

ನಮ್ಮದು ಹಳಿಯಾಳ ತಾಲೂಕಿನ ಸಣ್ಣ ಹಳ್ಳಿ. ತೊಂಬತ್ತರ ದಶಕದಲ್ಲಿ ಅಣ್ಣತಮ್ಮ ಇಬ್ಬರೂ ದಾಂಡೇಲಿಯ ಮರದ ಡಿಪೋದಲ್ಲಿ ಹಮಾಲರಾಗಿದ್ದೆವು. ಕಾಡಿನಿಂದ ಬಂದ ದಿಮ್ಮಿಗಳನ್ನು ಲಾರಿಗೆ ಏರಿಸುವುದು ನಮ್ಮ ಕೆಲಸ. ಲಾರಿಗೆ ಎರಡು ಗಟ್ಟಿ ಕಂಬ ಇಳಿಜಾರಾಗಿ ಒರಗಿಸಿ, ಅವುಗಳ ಮೇಲೆ ದಿಮ್ಮಿಯನ್ನು ಹತ್ತು ಜನ ಭುಜ ಕೊಟ್ಟು ಉರುಳಿಸುತ್ತ ಮೇಲಕ್ಕೆ ಒಯ್ಯಬೇಕು. ಕೂಗು ಹಾಕಲು ಒಬ್ಬ ಮುದುಕ ಇದ್ದ. ಹಣೆಯ ತುಂಬ ವಿಭೂತಿ, ಎದೆಯ ಮೇಲೆ ಲಿಂಗ. ಅವನನ್ನು ನಾವೆಲ್ಲ ಕಾಕಾ ಎನ್ನುತ್ತಿದ್ದೆವು. ಅವನು ‘ಹೈಸಾ’ ಎಂದರೆ ಹತ್ತೂ ಜನ ನೂಕಬೇಕು. ‘ತಡಿ’ ಎಂದರೆ ಹತ್ತೂ ಜನ ನೂಕುವುದನ್ನು ನಿಲ್ಲಿಸಿ ದಿಮ್ಮಿಯನ್ನು ಇದ್ದಲ್ಲೇ ಹಿಡಿದು ನಿಲ್ಲಬೇಕು. ಆ ಗಳಿಗೆಯಲ್ಲಿ ಎರಡೂ ತುದಿಗೆ ಒಬ್ಬೊಬ್ಬರು ದಿಮ್ಮಿಯ ಕೆಳಗೆ ಬೆಣೆ ಇಡುತ್ತಾರೆ. ಬೆಣೆ ಕೂತ ಮೇಲೆ ಎಲ್ಲರೂ ಕೈ ಬಿಟ್ಟು ನಾಲ್ಕು ಉಸಿರು ತೆಗೆದುಕೊಳ್ಳಬಹುದು. ಮತ್ತೆ ಹೈಸಾ.

ನನಗೆ ಹೈಸಾ ಇಷ್ಟ. ತಡಿ ಎಂದರೆ ಮೈ ಉರಿಯುತ್ತಿತ್ತು. ಕಾಕಾನಿಗೆ ವಯಸ್ಸಾಗಿದೆ, ಅವನಿಗೆ ದಣಿವಾದಾಗಲೆಲ್ಲ ನಮ್ಮನ್ನು ನಿಲ್ಲಿಸುತ್ತಾನೆ ಎಂದು ಬೈಯುತ್ತಿದ್ದೆ. ಇಗರ್ಜಿಯಲ್ಲೂ ಹಾಗೆಯೇ. ಗುಡಿಸುವುದು, ನೀರು ಹೊರುವುದು, ಸತ್ತವರಿಗೆ ಗುಂಡಿ ತೋಡುವುದು, ಎಲ್ಲದಕ್ಕೂ ನಾನೇ ಮುಂದೆ. ಯೇಸುವಿನ ಶಿಷ್ಯನಾದವನು ಕೂರಬಾರದು ಎಂದು ತಿಳಿದಿದ್ದೆ. ಕೂತವರನ್ನು ಕಂಡರೆ ಒದೆಯಬೇಕೆನಿಸುತ್ತಿತ್ತು, ಕೆಲವರನ್ನು ಒದ್ದೂ ಇದ್ದೆ. ಮನೆಗೆ ಮಾರಿ, ಊರಿಗೆ ಉಪಕಾರಿ ಎನ್ನುತ್ತಾರಲ್ಲ, ನಾನು ಊರಿಗೂ ಅರ್ಧ ಮಾರಿಯೇ.

ಹೀಗಿರುವಾಗ ನಮ್ಮ ಇಗರ್ಜಿಯ ಮಾಡು ಕುಸಿಯಿತು. ಹೊಸ ತೊಲೆಗಳಿಗೆಂದು ನಾಲ್ಕು ಮತ್ತಿ ಮರದ ದಿಮ್ಮಿ ಕೊಂಡು, ಶನಿವಾರ ಡಿಪೋದಿಂದ ಹೊರಗೆ ತೆಗೆದು ರಸ್ತೆಯ ಪಕ್ಕ ಇಟ್ಟಿದ್ದರು. ಮಳೆಗಾಲ ತಲೆಯ ಮೇಲಿತ್ತು. ಭಾನುವಾರವೇ ಲಾರಿಗೆ ಏರಿಸಿ ಹಳಿಯಾಳದ ಸಾ ಮಿಲ್ಲಿಗೆ ಕಳಿಸುತ್ತೇನೆ ಎಂದು ನಾನೇ ಹೇಳಿಬಿಟ್ಟೆ. ಯಾರೂ ನನ್ನನ್ನು ಕೇಳಿರಲಿಲ್ಲ.

ಬೆಳಿಗ್ಗೆ ತಮ್ಮನನ್ನು ಕರೆದೆ. ಅವನಿಗೆ ಮದುವೆಯಾಗಿ ಆರು ತಿಂಗಳಾಗಿತ್ತು, ಕುಡಿತ ಬಿಟ್ಟಿದ್ದ. ಅಂಗಿ ಹಾಕಿಕೊಂಡು ಹೆಂಡತಿಯ ಜೊತೆ ಪೂಜೆಗೆ ಹೊರಟು ನಿಂತಿದ್ದ.

“ಅಣ್ಣಾ, ಆರು ದಿನ ಹೊತ್ತೇನಿ. ರಟ್ಟಿ ಬಿದ್ದು ಹೋಗ್ಯಾವು. ಇವತ್ತ ಪೂಜಿಗೆ ಹೋಗಿ ಬಂದು ಮಲಕೋತೇನಿ. ಕುಡದಿಲ್ಲ, ಬೇಕಾದ್ರ ಬಾಯಿ ಮೂಸಿ ನೋಡು” ಎಂದ.

“ದೇವರ ಮನಿ ಕಟ್ಟೂಮುಂದ ಮಲಕೋತೇನಿ ಅಂತೀಯೇನಲೇ?” ಎಂದೆ. ಮೂಸಿ ನೋಡು ಎಂದ ಆ ಬಾಯಿಗೇ ಮುಷ್ಟಿಯಿಂದ ಗುದ್ದಿದೆ. ತುಟಿ ಸೀಳಿತು. ಅವನ ಹೆಂಡತಿ ಕೂಗಿಕೊಂಡಳು. ಅವನು ತುಟಿ ಒರೆಸಿಕೊಂಡು, ಆ ಒಳ್ಳೆಯ ಅಂಗಿಯಲ್ಲೇ ನನ್ನ ಹಿಂದೆ ಬಂದ.

ಉಳಿದ ಹಮಾಲರ ಜೊತೆ ಲಾರಿಯ ಹತ್ತಿರ ಕಾಯುತ್ತಿದ್ದ ಕಾಕಾ ನೋಡಿದವನೇ ತಲೆ ಅಲ್ಲಾಡಿಸಿದ. “ಹುಡುಗನ ಬಾಯಾಗ ರಕ್ತ ಬರಾಕತ್ತೈತಿ. ಅವನ್ನ ಬಿಡೋ ಇವತ್ತ.”

“ನೀ ಕೂಗ ಹಾಕ ಕಾಕಾ, ಉಪದೇಶ ಬ್ಯಾಡ” ಎಂದೆ.

ಮೂರು ದಿಮ್ಮಿ ಏರಿದವು. ನಾಲ್ಕನೆಯದು ದಪ್ಪ, ಹಸಿ. ಬುಡದ ಕಡೆಗೆ ನಾನು, ಇನ್ನೊಂದು ತುದಿಗೆ ಬೆಣೆ ಹಿಡಿದು ನನ್ನ ತಮ್ಮ. ನನ್ನ ಸಿಟ್ಟು ಇಳಿದಿರಲಿಲ್ಲ. ಬೆಳಗಿನ ಅವನ ಮಾತು ತಲೆಯಲ್ಲಿ ಕುಟ್ಟುತ್ತಿತ್ತು. ಅರ್ಧ ಏರಿದಾಗ ಕಾಕಾ ತಡಿ ಎಂದ. ಕೇಳಿಸಿತು. ಕೇಳಿಸಲಿಲ್ಲ ಎಂದು ಎಷ್ಟೋ ವರ್ಷ ಹೇಳಿಕೊಂಡೆ, ಸುಳ್ಳು. ಕೇಳಿಸಿತು, ಆದರೂ ನೂಕಿದೆ. ಎಲ್ಲರೂ ನಿಂತಾಗ ನಾನೊಬ್ಬನೇ ಒಯ್ದು ತೋರಿಸುತ್ತೇನೆ ಎಂದು ನೂಕಿದೆ. ನನ್ನ ತುದಿ ಮೇಲೇರಿತು, ದಿಮ್ಮಿ ಸೊಟ್ಟಗಾಯಿತು, ಆಚೆ ತುದಿ ಜಾರಿ ಹಿಂದಕ್ಕೆ ಬಂತು. ಬೆಣೆ ಇಡುತ್ತಿದ್ದ ತಮ್ಮನ ಬಲಗೈ ದಿಮ್ಮಿಗೂ ಕಂಬಕ್ಕೂ ನಡುವೆ ಸಿಕ್ಕಿತು.

ಅವನು ಕೂಗಿದ ಕೂಗನ್ನು ಬರೆಯಲು ನನ್ನಿಂದ ಆಗುವುದಿಲ್ಲ. ಹಾರೆ ಕೊಟ್ಟು ದಿಮ್ಮಿ ಎತ್ತಿದರು. ಕೈ ಎಂದು ಹೊರಗೆ ಬಂದದ್ದು ಅರೆದ ಮಾಂಸ. ಲಾರಿಯ ಡ್ರೈವರ್, “ಇದು ನೀನ ಮಾಡಿದ್ದು” ಎಂದ. ನಾನು ಅವನ ಎರಡು ಹಲ್ಲು ಉದುರಿಸಿದೆ. ಆಮೇಲೆ ಕಾಕಾನ ಕೊರಳಪಟ್ಟಿ ಹಿಡಿದೆ. ಮುದುಕ ಬಿಡಿಸಿಕೊಳ್ಳಲೂ ಇಲ್ಲ.

“ಹೈಸಾ ಅಂದದ್ದೂ ಇದ ಬಾಯಿ, ತಡಿ ಅಂದದ್ದೂ ಇದ ಬಾಯಿ” ಎಂದ. “ಅರ್ಧಾ ಮಾತ ಕೇಳಾಂವ ಆಳಲ್ಲೋ, ಪುಂಡ.”

ಧಾರವಾಡದ ಆಸ್ಪತ್ರೆಯಲ್ಲಿ ನಾಲ್ಕು ಬೆರಳು ತೆಗೆದರು. ಹೆಬ್ಬೆರಳು ಉಳಿಯಿತು. ತಮ್ಮ ನಮ್ಮ ಮನೆಗೆ ಮರಳಲಿಲ್ಲ, ಹೆಂಡತಿಯ ತವರಾದ ಮುಂಡಗೋಡ ತಾಲೂಕಿನ ಚಿಗಳ್ಳಿಗೆ ಹೋದ. ‘ನನ್ನ ಅಣ್ಣ ಸತ್ತ ಅಂತ ತಿಳಕೊಂಡೇನಿ’ ಎಂದು ಹೇಳಿ ಕಳಿಸಿದ.

ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬಂದೀತೇ? ಬರುವುದಿಲ್ಲ ಎಂದು ಗೊತ್ತಿದ್ದೂ ನಾನು ಕೆಲಸದ ಮೇಲೆ ಬಿದ್ದೆ. ಮಾಡಿನ ಜೊತೆ ಬಿದ್ದಿದ್ದ ಇಗರ್ಜಿಯ ಗೋಡೆಗೆ ಒಬ್ಬನೇ ಕಲ್ಲು ಹೊತ್ತೆ. ಜ್ವರ ಬಂದರೂ ಹೊತ್ತೆ. ಭುಜದ ಚರ್ಮ ಸುಲಿದು ಅಂಗಿಗೆ ಅಂಟಿಕೊಂಡಿತು, ಅದನ್ನು ಕಿತ್ತು ಮತ್ತೆ ಹೊತ್ತೆ. ಸಹಾಯಕ್ಕೆ ಬಂದವರ ಮೇಲೆ ಕಲ್ಲು ಎತ್ತಿದೆ. ತಮ್ಮನ ಬೆರಳುಗಳ ಸಾಲ ತೀರಿಸುತ್ತಿದ್ದೇನೆ ಎಂದುಕೊಂಡಿದ್ದೆ. ನಿಜದಲ್ಲಿ ಒಂದು ಗಳಿಗೆ ಕೂತರೆ ಆ ಕೂಗು ಕೇಳುತ್ತದೆ ಎಂಬ ಹೆದರಿಕೆ.

ಕೊನೆಗೆ ನಮ್ಮ ಫಾದರ್ ಬಂದು ಕಲ್ಲಿನ ಅಡ್ಡ ನಿಂತರು. ಜೋಯಿಡಾ ಕಡೆಯ ವಯಸ್ಸಾದ ಮನುಷ್ಯ, ಕೊಂಕಣಿ ಮಾತಿನವರು, ಸಣಕಲು. ಊದಿದರೆ ಹಾರಿಹೋಗುವಂತಿದ್ದರು. “ಈ ಇಗರ್ಜಿಗೆ ನಿನ್ನ ಕಲ್ಲು ಬೇಡ” ಎಂದರು. ನಾನು ಅಲ್ಲೇ ಮಣ್ಣಿನಲ್ಲಿ ಮೊಣಕಾಲೂರಿ ಪಾಪನಿವೇದನೆ ಮಾಡಿದೆ. ಕಠಿಣವಾದ ಪ್ರಾಯಶ್ಚಿತ್ತ ಕೊಡ್ರಿ, ಉಪವಾಸ ಕೊಡ್ರಿ, ಗೋವಾದವರೆಗೂ ಬರಿಗಾಲಿನಲ್ಲಿ ನಡೆಯುತ್ತೇನೆ ಎಂದೆ.

“ಏಳು ಭಾನುವಾರ ತಮ್ಮನ ಮನೆ ಮುಂದೆ ಹೋಗಿ ಒಂದು ತಾಸು ಕುಳಿತುಕೋ” ಎಂದರು. “ಕೈ ಬಿಚ್ಚಿ ತೊಡೆಯ ಮೇಲೆ ಇಟ್ಟುಕೋ. ಕೆಲಸ ಮಾಡಬೇಡ. ಕ್ಷಮೆಯನ್ನೂ ಕೇಳಬೇಡ, ಅದು ಅವನು ಕೊಡುವುದು.”

“ಬರೇ ಕುಂಡ್ರೂದಾ? ಅದರಿಂದ ಏನಾಗತೈತ್ರಿ ಫಾದರ್?”

“ಬಿರುಗಾಳಿಯಲ್ಲಿ ದೋಣಿ ಮುಳುಗುತ್ತಿದ್ದಾಗ ನಿನ್ನ ಗುರು ಯೇಸು ಮಲಗಿದ್ದರು. ನೀನು ಅವರಿಗಿಂತ ದೊಡ್ಡವನೋ?”

ಅವರಿಗೂ ಒಂದು ಬಿಡಬೇಕೆನಿಸಿತು. ಬಿಡಲಿಲ್ಲ.

ಮೊದಲ ಭಾನುವಾರ ಪೂಜೆ ಮುಗಿಸಿ ಬಸ್ಸು ಹಿಡಿದು ಚಿಗಳ್ಳಿಗೆ ಹೋದೆ. ತಮ್ಮ ಅಂಗಳದಲ್ಲಿ ಎಡಗೈಯಿಂದ ಮೇವು ಕತ್ತರಿಸುವುದನ್ನು ಕಲಿಯುತ್ತಿದ್ದ. ನನ್ನನ್ನು ನೋಡಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ನಾನು ಗೋಡೆಗೆ ಒರಗಿ ಕೂತೆ. ಆ ಒಂದು ತಾಸಿನಷ್ಟು ಭಾರವಾದ ದಿಮ್ಮಿಯನ್ನು ನಾನು ಯಾವತ್ತೂ ಎತ್ತಿಲ್ಲ. ಎರಡನೆಯ ಭಾನುವಾರ ಅವನು ಕುಡಗೋಲು ಬೀಸಿ ಒಗೆದ. ಅದು ನನ್ನ ಮೊಣಕಾಲ ಕೆಳಗೆ ಕೊಯ್ದು ಗೋಡೆಗೆ ಬಡಿಯಿತು. ನಾನು ಎದ್ದು ಅವರ ನೀರಿನ ಮಡಕೆ ಒದ್ದು ಒಡೆದೆ, ಕೋಳಿಬುಟ್ಟಿ ಎತ್ತಿ ಬೀದಿಗೆ ಎಸೆದೆ, ಬಾಯಿಗೆ ಬಂದಂತೆ ಬೈದು ಬಂದೆ. ಫಾದರ್ ಎಲ್ಲ ಕೇಳಿ, “ಮತ್ತೆ ಒಂದರಿಂದ” ಎಂದರು.

ಮತ್ತೆ ಒಂದರಿಂದ ಶುರು ಮಾಡಿದೆ. ಹೊಸ ಮಡಕೆ ಒಯ್ದು ಬಾಗಿಲಲ್ಲಿ ಇಟ್ಟು ಕೂತೆ. ತಮ್ಮ ಉಗುಳಿದ. ಕೂತೆ. ಊರಿನವರು ಬಂದು ನೋಡಿ ನಕ್ಕರು. ಕೂತೆ. ನಾಲ್ಕನೆಯ ಭಾನುವಾರ ಆ ಕೂಗು ಬಂತು. ಇಷ್ಟು ದಿನ ಯಾವುದಕ್ಕೆ ಹೆದರಿ ಓಡಿದ್ದೆನೋ ಅದೇ ಕೂಗು ಕಿವಿಯಲ್ಲಿ ಪೂರ್ತಿಯಾಗಿ ಕೇಳಿಸಿತು. ಓಡಲು ಕೈಯಲ್ಲಿ ಕೆಲಸವಿರಲಿಲ್ಲ. ಹೋರಿಯಂತೆ ಗೋಳೋ ಎಂದು ಅತ್ತೆ. ‘ಸ್ವಾಮೀ, ನೂಕಿದವನು ನಾನೇ, ನನಗೆ ಕೇಳಿಸಿತ್ತು’ ಎಂದೆ. ಆಗ ಒಳಗೆ ಏನೋ ಸಡಿಲವಾಯಿತು. ಬೆಣೆ ಕೂತ ಮೇಲೆ ಭುಜದಿಂದ ಭಾರ ಇಳಿಯುತ್ತದಲ್ಲ, ಹಾಗೆ. ಕೂತಲ್ಲೇ ನಿದ್ದೆ ಹೋದೆ. ಹಗಲು ಹೊತ್ತು, ತಮ್ಮನ ಗೋಡೆಗೆ ಒರಗಿ, ಬಾಯಿ ತೆರೆದುಕೊಂಡು. ಎದ್ದಾಗ ಪಕ್ಕದಲ್ಲಿ ಒಂದು ತಂಬಿಗೆ ನೀರಿತ್ತು. “ಕುಡೀರಿ ಭಾವಾ” ಎಂದಳು ತಮ್ಮನ ಹೆಂಡತಿ, ಮುಖ ಆಚೆ ತಿರುಗಿಸಿಕೊಂಡು.

ಏಳನೆಯ ಭಾನುವಾರ ತಮ್ಮ ಎಡಗೈಯಲ್ಲಿ ಬಿದಿರಿನ ಬಡಿಗೆ ಹಿಡಿದು ಬಂದ.

“ಇಲ್ಲಿ ಕುಂತ ನನ್ನ ಬೆರಳ ಹುಟ್ಟಸ್ತೀಯೇನು? ಏಳಲೇ!” ಎಂದ. ನಾನು ಏಳಲಿಲ್ಲ. ಮೊದಲ ಏಟು ಭುಜಕ್ಕೆ ಬಿತ್ತು, ಎರಡನೆಯದು ಕತ್ತಿಗೆ. ಎಡಗೈಯ ಏಟಿಗೆ ಗುರಿಯಿರಲಿಲ್ಲ. ಅದಕ್ಕೆ ಇನ್ನೂ ಸಿಟ್ಟಾಗಿ ಮೂರನೆಯದನ್ನು ನೆತ್ತಿಗೆ ಹಾಕಿದ. ರಕ್ತ ಕಣ್ಣಿಗೆ ಇಳಿಯಿತು. ರಕ್ತ ಕಂಡದ್ದೇ ನಾನು ಎದ್ದುಬಿಟ್ಟೆ. ಏಳು ಭಾನುವಾರ, ಅತ್ತದ್ದು, ನಿದ್ದೆ, ಎಲ್ಲ ಮರೆತೆ. ಬಲಗೈ ಮುಷ್ಟಿ ಕಟ್ಟಿ ಮೇಲೆದ್ದಿತು. ಅವನು ತಪ್ಪಿಸಿಕೊಳ್ಳಲು ಎರಡೂ ಕೈ ಮುಖಕ್ಕೆ ಅಡ್ಡ ಹಿಡಿದ. ಬೆರಳಿಲ್ಲದ ಆ ಕೈ ನನ್ನ ಮುಖದ ಮುಂದೆಯೇ ಇತ್ತು.

“ತಡಿ!” ಎಂದು ಕೂಗಿದ.

ಡಿಪೋದಲ್ಲಿ ಕಾಕಾ ಕೂಗುತ್ತಿದ್ದ ಹಾಗೆಯೇ, ಹೊಟ್ಟೆಯಿಂದ. ಕೇಳಿಸಿತು. ನನ್ನ ಕೈ ನಿಂತಿತು. ಅದನ್ನು ನಿಲ್ಲಿಸಿದವನು ನಾನೊಬ್ಬನೇ ಎಂದು ಈಗಲೂ ಹೇಳಲಾರೆ, ನನ್ನಲ್ಲಿ ಅಷ್ಟು ತಾಕತ್ತು ಯಾವತ್ತೂ ಇರಲಿಲ್ಲ. ಬೆರಳು ಒಂದೊಂದಾಗಿ ಬಿಚ್ಚಿದವು. ಗೋಡೆಗೆ ಬೆನ್ನು ಕೊಟ್ಟು ಕೂತೆ, ಕೈ ತೊಡೆಯ ಮೇಲಿಟ್ಟೆ.

ತಮ್ಮ ಬಡಿಗೆ ಹಿಡಿದೇ ನಿಂತಿದ್ದ. ನನ್ನ ಕೈಯನ್ನು ನೋಡಿದ, ತನ್ನ ಕೈಯನ್ನು ನೋಡಿಕೊಂಡ. ಆಮೇಲೆ ಬಡಿಗೆ ಬಿಸುಟು, ಒಂದು ಮಾರು ದೂರದಲ್ಲಿ ಅದೇ ಗೋಡೆಗೆ ಒರಗಿ ಕುಸಿದು ಕೂತ. ಇಬ್ಬರೂ ಏದುಸಿರು ಬಿಡುತ್ತಿದ್ದೆವು. ಅವನ ಹೆಂಡತಿ ಅರಿಶಿನ ತಂದು ನನ್ನ ನೆತ್ತಿಗೆ ಒತ್ತಿದಳು.

ಬಸ್ಸಿನ ಹೊತ್ತಾಯಿತೆಂದು ನಾನು ಎದ್ದೆ. ಫಾದರ್ ಹೇಳಿದ ಏಳು ವಾರ ಮುಗಿದಿತ್ತು, ಇನ್ನು ಬರಲು ನನಗೆ ನೆಪವಿರಲಿಲ್ಲ. ಅಂಗಳ ದಾಟುವಾಗ ತಮ್ಮ ಹಿಂದಿನಿಂದ ಮಾತಾಡಿದ, ನನ್ನ ಕಡೆ ನೋಡದೆ.

“ಮುಂದಿನ ವಾರ ಬರೂದಿದ್ರ ಲಗೂ ಬಾ. ಮಧ್ಯಾಹ್ನ ಆದ್ರ ಗೋಡಿ ನೆರಳ ಹೋಗಿಬಿಡತೈತಿ, ಮಲಕೊಳ್ಳಾಕ ಆಗೂದಿಲ್ಲ.”